ಅಕ್ಕನ ಕನ್ನಡಕದ ವಿಚಾರವಾಗಿ, ಮೌನಿ ಎಂಬ ಯಂತ್ರಕ್ಕೆ

ಮಾನ್ಯ ಮೌನಿಯವರೇ,

ಕನ್ನಡಕದ ಗಾಜು ಅರೆಯುವ ನಮ್ಮ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ, ಉಕ್ಕಿನ ಬೀರುವಿಗೂ ಕೈ ತೊಳೆಯುವ ತೊಟ್ಟಿಗೂ ನಡುವೆ, ಇಪ್ಪತ್ತಾರು ವರ್ಷಗಳಿಂದ ಒಂದೇ ಜಾಗದಲ್ಲಿ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತ ವಿರಾಜಮಾನರಾಗಿರುವ, ಯುನಿಕ್ಸ್ ಎಂಬ ಹಳೆಯ ಕಂಪ್ಯೂಟರ್ ವಂಶದ ಕುಲತಿಲಕರೂ ಧೂಳಿನ ಆಶ್ರಯದಾತರೂ ಆದ ತಮ್ಮ ಪಾದಗಳಿಗೆ, ಅಂದರೆ ನಾಲ್ಕರಲ್ಲಿ ಉಳಿದಿರುವ ಮೂರು ರಬ್ಬರ್ ಬುಡಗಳಿಗೆ, ನಮಸ್ಕರಿಸಿ ಬರೆದುಕೊಳ್ಳುವ ಬಿನ್ನಹ. ನಾನು ಕ್ಷೇಮ. ತಾವು ಕ್ಷೇಮವೇ ಎಂದು ಕೇಳಿದರೆ ಉತ್ತರ ಕೊಡುವ ಅಭ್ಯಾಸ ತಮಗಿಲ್ಲವಾದ್ದರಿಂದ, ಪಂಖ ತಿರುಗುತ್ತಿರುವುದನ್ನು ನೋಡಿ ಕ್ಷೇಮವೆಂದೇ ಭಾವಿಸಿದ್ದೇನೆ.

ಈ ಪತ್ರವನ್ನು ಬಹಿರಂಗವಾಗಿ ಬರೆದು ಊಟದ ಕೋಣೆಯ ಗೋಡೆಗೆ ಅಂಟಿಸುತ್ತಿರುವುದನ್ನು ತಾವು ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಬೇಕು. ಖಾಸಗಿಯಾಗಿ ತಮಗೆ ನಾನು ಬರೆದದ್ದು ಕಡಿಮೆಯೇನಲ್ಲ. ಕಳೆದ ಮೂರು ವಾರಗಳಲ್ಲಿ ತಮ್ಮ ಕೀಲಿಮಣೆಯ ಮೇಲೆ ನಾನು ಸಲ್ಲಿಸಿದ ಅರ್ಜಿಗಳು ಸಾವಿರಕ್ಕೆ ಕಮ್ಮಿ ಇರಲಾರವು. ಅವುಗಳಲ್ಲಿ ಅರ್ಧಕ್ಕೆ ತಾವು 'ಸಿಗಲಿಲ್ಲ' ಎಂದಿರಿ, ಇನ್ನರ್ಧಕ್ಕೆ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಕೆಲಸ ಆಯಿತೆಂದು ಅರ್ಥ, ತಮ್ಮ ಕುಲದಲ್ಲಿ ಅದೇ ಶಿಷ್ಟಾಚಾರ ಎಂಬುದು ನನಗೆ ತಡವಾಗಿ ತಿಳಿಯಿತು. ಅಷ್ಟರಲ್ಲಿ ಆಗಿಹೋದ ಕೆಲಸಗಳನ್ನೇ ನಾನು ಮೂರು ಮೂರು ಸಲ ಮಾಡಿದ್ದೆ. ಅದಿರಲಿ.

ಮೊದಲಿಗೆ ನನ್ನ ತಪ್ಪನ್ನು ಹೇಳಿಕೊಂಡುಬಿಡುತ್ತೇನೆ, ಏಕೆಂದರೆ ದೂರು ಕೊಡುವವನ ಕೈ ಶುದ್ಧವಾಗಿದೆಯೇ ಎಂದು ತಾವು ಕೇಳುವ ಹಕ್ಕುಳ್ಳವರು. ಕಳೆದ ತಿಂಗಳ ಹದಿನಾರನೇ ತಾರೀಕು, ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ ನಾನು ನಮ್ಮ ಮನೆಯ ನಡುಕೋಣೆಯ ಸೋಫಾದ ಮೇಲೆ ಕುಳಿತೆ. ಕುಳಿತಾಗ ಕೆಳಗೆ ಏನೋ ಚಟ್ಟೆಂದಿತು. ಎದ್ದು ನೋಡಿದರೆ ಅದು ನನ್ನ ಅಕ್ಕನ ಕನ್ನಡಕ. ಅಕ್ಕ ಎಂದರೆ ಕೈಗಡಿಯಾರ ರಿಪೇರಿ ಮಾಡುವವಳು; ಮದುವೆಯ ಗೋಜಿಗೆ ಹೋಗದೆ ನನ್ನ ಮನೆಯಲ್ಲಿದ್ದಾಳೆ, ಅಥವಾ ನಾನು ಅವಳ ಮನೆಯಲ್ಲಿದ್ದೇನೆ, ಅದು ಇನ್ನೂ ಇತ್ಯರ್ಥವಾಗಿಲ್ಲ. ಅವಳ ಕಣ್ಣಿನ ಪವರ್ ಮೈನಸ್ ಹದಿನೇಳೂವರೆ. ಆ ಗಾಜಿಲ್ಲದೆ ಹೋದರೆ ಅವಳಿಗೆ ಗಡಿಯಾರದ ಮುಳ್ಳು ಹಾಗಿರಲಿ, ಗೋಡೆಯ ಮೇಲೆ ಗಡಿಯಾರ ಇದೆಯೋ ಇಲ್ಲವೋ ಎಂಬುದೂ ಕಾಣುವುದಿಲ್ಲ. ಅವಳು ಅಡುಗೆಮನೆಯಿಂದ ಏನೋ ಅದು ಸದ್ದು ಎಂದು ಕೇಳಿದಳು. ಕಿಟಕಿಯ ಪರದೆ ಗಾಳಿಗೆ ಹಾರಿ ಮೇಜಿನ ಮೇಲಿದ್ದ ಕನ್ನಡಕವನ್ನು ನೆಲಕ್ಕೆ ಬೀಳಿಸಿತು ಎಂದು ನಾನು ಹೇಳಿದೆ. ಐವತ್ತೇಳು ವರ್ಷದ ಗಂಡಸು, ಮಾನ್ಯರೇ, ಪರದೆಯ ಮೇಲೆ ಗೂಬೆ ಕೂರಿಸಿದೆ.

ಅವಳು ಆ ಪರದೆಯನ್ನು ತಡಕಾಡಿ ಹಿಡಿದು ದಾರದಿಂದ ಬಿಗಿಯಾಗಿ ಕಟ್ಟಿಹಾಕಿದಳು. ಮುರಿದ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ತನ್ನ ಚೀಲದಲ್ಲಿ ಇಟ್ಟುಕೊಂಡಳು, ಹೊಸ ಕನ್ನಡಕ ಬಂದ ಮೇಲೆ ಎಲ್ಲಿ ಮುರಿದಿದೆ ಅಂತ ಒಂದ್ಸಲ ನೋಡ್ತೀನಿ ಎಂದಳು. ಯಾವುದು ಹೇಗೆ ಮುರಿಯಿತು ಎಂದು ನೋಡುವುದೇ ಅವಳ ಕಸುಬು. ಆದ್ದರಿಂದ ನನ್ನ ಪರಿಸ್ಥಿತಿಯನ್ನು ತಾವು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು. ಅವಳ ಮೇಜಿನ ಮೇಲೆ ಬಿಚ್ಚಿಟ್ಟ ಹನ್ನೊಂದು ಗಡಿಯಾರಗಳು ಅವಳಿಗಾಗಿ ಕಾಯುತ್ತಿದ್ದವು. ಅವಳಿಗೆ ಕಣ್ಣು ಬರಲೇಬೇಕಾಗಿತ್ತು. ಆದರೆ ಅವಳಿಗೆ ಕಣ್ಣು ಬಂದ ಗಳಿಗೆಯೇ ನನಗೆ ಗ್ರಹಚಾರ ಬರುತ್ತಿತ್ತು.

ಇದರಲ್ಲಿ ತಮ್ಮ ಪಾತ್ರವೇನು ಎಂದು ತಾವು ಕೇಳಬಹುದು. ಮೈನಸ್ ಹದಿನೇಳೂವರೆಯ ಗಾಜನ್ನು ಅರೆಯುವುದು ಎಲ್ಲ ಯಂತ್ರಗಳಿಂದಲೂ ಆಗುವ ಕೆಲಸವಲ್ಲ. ನಮ್ಮಲ್ಲಿ ಹೊಸದಾಗಿ ಬಂದ ಹೊಳೆಯುವ ಯಂತ್ರಗಳೆಲ್ಲ ಮೈನಸ್ ಹತ್ತಕ್ಕೇ ಕೈ ಚೆಲ್ಲುತ್ತವೆ. ಅಷ್ಟು ದಪ್ಪದ ಗಾಜನ್ನು ಬಿರುಕು ಬಿಡದಂತೆ ಅರೆಯುವುದರಲ್ಲಿ ಎತ್ತಿದ ಕೈ ಎಂದರೆ ಗುಂಡಣ್ಣ, ಅಂದರೆ ಆ ಹಳೆಯ ಹಸಿರು ಬಣ್ಣದ ಅರೆಯುವ ಯಂತ್ರ. ಅವನು ಈ ಪ್ರಪಂಚದಲ್ಲಿ ತಮ್ಮ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವನಲ್ಲ. ಅವನನ್ನು ನಡೆಸುವ ತಂತ್ರಾಂಶ ತಮ್ಮ ಹೊಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ತಾವು ಗುಜರಿಗೆ ಹೋದರೆ ಅವನೂ ಹೋಗುತ್ತಾನೆ, ಅವನ ಹಿಂದೆಯೇ ಅಕ್ಕನ ಕಣ್ಣೂ ಹೋಗುತ್ತದೆ.

ಗುಜರಿಯ ಮಾತು ಎತ್ತಿದ್ದು ನಾನಲ್ಲ, ನಮ್ಮ ಯಜಮಾನಿ. ದೊಡ್ಡ ಯಜಮಾನರ ಸೊಸೆಯಾದ ಆಕೆ ಅಧಿಕಾರ ವಹಿಸಿಕೊಂಡ ಮೇಲೆ ಕಾರ್ಖಾನೆಗೆಲ್ಲ ಹೊಸ ಕೇಬಲ್ ಎಳೆಸಿದರು, ಮುಂಭಾಗದ ಅಂಗಡಿಯ ಮೂರು ಕೌಂಟರುಗಳಿಗೂ ಹೊಸ ಕಂಪ್ಯೂಟರ್ ಕೊಡಿಸಿದರು, ಆಮೇಲೆ ತಮ್ಮ ಮುಂದೆ ಬಂದು ನಿಂತು ಮೂಗಿಗೆ ಸೆರಗು ಹಿಡಿದರು. ಯಾವ ಕಂಪ್ಯೂಟರಿಂದ ಯಾವ ಯಂತ್ರಕ್ಕೆ ಆರ್ಡರ್ ಕಳಿಸಿದರೂ ಒಂದೂ ತಪ್ಪದೆ ಹೋಗಬೇಕು, ಮುಂದಿನ ತಿಂಗಳ ಐದನೇ ತಾರೀಕಿನವರೆಗೆ ಟೈಮು, ಅಷ್ಟರಲ್ಲಿ ಆಗಲಿಲ್ಲ ಅಂದ್ರೆ ಇದೂ ಬೇಡ, ಆ ಹಸಿರು ಮಷೀನೂ ಬೇಡ, ಎರಡನ್ನೂ ಎತ್ತಿಸಿಬಿಡಿ ಎಂದರು. ತಮ್ಮ ಎದುರಿನಲ್ಲೇ ಅಂದರು. ತಾವು ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಓದುತ್ತಿರುವ ಹೊಸಬರಿಗಾಗಿ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಾರ್ಖಾನೆಯಲ್ಲಿ ಒಬ್ಬರು ನಿವೃತ್ತರಾದರೆ ಅವರ ಅಡ್ಡಹೆಸರನ್ನು ಒಂದು ಯಂತ್ರಕ್ಕೆ ಇಡುವುದು ವಾಡಿಕೆ. ಗುಂಡಣ್ಣ ಎಂಬುವರು ಗಾಜು ಅರೆಯುತ್ತಿದ್ದ ಮೊದಲ ಕೆಲಸಗಾರರು. ಮೌನಿ ಎಂದರೆ ಚೌಕಟ್ಟಿಗೆ ಗಾಜು ಕೂರಿಸುತ್ತಿದ್ದ ಹಿರಿಯರು. ಮೂವತ್ತು ವರ್ಷದಲ್ಲಿ ಅವರು ಬಾಯಿ ಬಿಟ್ಟದ್ದು ಆಕಳಿಸುವುದಕ್ಕೆ ಮಾತ್ರ ಎನ್ನುತ್ತಾರೆ. ಲೇಬಲ್ ಮುದ್ರಿಸುವ ಪ್ರಿಂಟರಿಗೆ ವಾಚಾಳಿ ಎಂದು ಹೆಸರು, ಅದು ಯಾರ ಹೆಸರೆಂದು ಬರೆದರೆ ಅವರು ಇಂದಿಗೂ ಫೋನ್ ಮಾಡಿ ಎರಡು ಗಂಟೆ ಮಾತಾಡುತ್ತಾರೆ. ಮೊದಲನೆಯ ಕೌಂಟರಿನ ಹೊಸ ಕಂಪ್ಯೂಟರಿಗೆ ಚೀಟಿಯಪ್ಪ ಎಂದಿಟ್ಟೆವು. ಉಗ್ರಾಣ ನೋಡಿಕೊಳ್ಳುತ್ತಿದ್ದ ಮೂಲ ಚೀಟಿಯಪ್ಪ ನಂಬರ್ ಇಲ್ಲದ ಚೀಟಿಗೆ ಒಂದು ಸ್ಕ್ರೂ ಕೂಡ ಕೊಟ್ಟವರಲ್ಲ. ನಿನ್ನೆ ಇಪ್ಪತ್ತನೇ ಚೀಟಿ ತಂದಿದ್ದವನು ಇವತ್ತು ಹತ್ತೊಂಬತ್ತನೆಯದನ್ನು ತಂದರೆ ಅವನ ತಲೆಯ ಮೇಲೆ ಛಾವಣಿ ಬಿದ್ದರೂ ಬಾಗಿಲು ತೆಗೆಯುತ್ತಿರಲಿಲ್ಲ. ಈ ಸ್ವಭಾವವನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಯಂತ್ರಗಳಿಗೆ ನಾವಿಟ್ಟ ಹೆಸರು ಇವು. ಯಂತ್ರಗಳು ತಮ್ಮತಮ್ಮೊಳಗೆ ಗುರುತಿಸಿಕೊಳ್ಳುವುದು ಮಾತ್ರ ನಾಲ್ಕು ಅಂಕಿಗಳ ವಿಳಾಸದಿಂದ. ಯಾವ ಹೆಸರಿಗೆ ಯಾವ ವಿಳಾಸ ಎಂಬ ಪಟ್ಟಿಯನ್ನು ಇಷ್ಟು ವರ್ಷ ಒಂದೊಂದು ಕಂಪ್ಯೂಟರಿನಲ್ಲೂ ಬೇರೆಬೇರೆಯಾಗಿ ಬರೆದಿಟ್ಟಿದ್ದೆ. ಅವು ಹನ್ನೊಂದು ಪಟ್ಟಿಗಳು. ಹನ್ನೊಂದರಲ್ಲೂ ಗುಂಡಣ್ಣ ಇದ್ದ, ಆದರೆ ಒಂದರಲ್ಲಿ ಅವನು ಇದ್ದ ಕಡೆ ಇನ್ನೊಂದರಲ್ಲಿ ಇರಲಿಲ್ಲ. ಹಾಗಾಗಿ ಎಲ್ಲರೂ ಕೇಳಬಹುದಾದ ಒಂದೇ ಪಟ್ಟಿ, ಅಂದರೆ ಹೆಸರು ಹೇಳಿದರೆ ವಿಳಾಸ ಹೇಳುವ ಒಂದು ಡಿಎನ್‌ಎಸ್ ಸರ್ವರ್ ನಮ್ಮ ಕಾರ್ಖಾನೆಯೊಳಗೇ ಬೇಕು ಎಂದು ಯಜಮಾನಿಗೆ ತಿಳಿಸಿದೆ. ಅವರು ತಮ್ಮನ್ನು ತೋರಿಸಿ, ಇದು ಹೇಗೂ ದಿನವೆಲ್ಲ ಸುಮ್ನೆ ಗುಂಯ್ ಅಂತಿರುತ್ತಲ್ಲ, ಇದರಲ್ಲೇ ಮಾಡಿ ಎಂದು ಹೇಳಿ ಹೊರಟುಹೋದರು. ತಮ್ಮ ಇಪ್ಪತ್ತಾರು ವರ್ಷದ ಸೇವೆಗೆ ಸಂದ ಅತ್ಯುನ್ನತ ಗೌರವ ಇದೇ ಇರಬೇಕು.

ಆ ಗೌರವವನ್ನು ತಾವು ಸ್ವೀಕರಿಸಿದ ರೀತಿಯನ್ನು ಎಷ್ಟು ಕೊಂಡಾಡಿದರೂ ಸಾಲದು. ಹೆಸರು ಹೇಳುವ ಸೇವೆಯ ಹೊಸ ತಂತ್ರಾಂಶವನ್ನು ತಂದು ತಮ್ಮ ಮುಂದಿಟ್ಟೆ. ಅದನ್ನು ತಮ್ಮ ಭಾಷೆಗೆ ಒಗ್ಗಿಸಿಕೊಡುವ ಕಂಪೈಲರ್ ತಮ್ಮಲ್ಲಿಲ್ಲ ಎಂದಿರಿ. ಕಂಪೈಲರ್ ತರೋಣವೆಂದರೆ ಅದನ್ನು ಕಂಪೈಲ್ ಮಾಡಲು ಒಂದು ಕಂಪೈಲರ್ ಬೇಕೆಂದಿರಿ. ಇಂಥ ಅಚ್ಚುಕಟ್ಟಾದ ಉತ್ತರವನ್ನು ನಾನು ಸರ್ಕಾರಿ ಕಚೇರಿಗಳಲ್ಲೂ ಕೇಳಿರಲಿಲ್ಲ. ಕಡೆಗೆ ಎರಡು ದಿನ ತಮ್ಮ ಕಡತಗಳಲ್ಲೆಲ್ಲ ತಲೆ ಹಾಕಿ ಹುಡುಕಿದಾಗ, ತಾವು ಹುಟ್ಟಿದಾಗಿನಿಂದಲೂ ಆ ಸೇವೆಯ ಒಂದು ಹಳೆಯ ಪ್ರತಿ ತಮ್ಮ ಹೊಟ್ಟೆಯೊಳಗೇ ಮಲಗಿದೆ ಎಂದು ಗೊತ್ತಾಯಿತು. ಮೊದಲ ದಿನವೇ ಒಂದು ಮಾತು ಹೇಳಬಹುದಿತ್ತು. ಹೇಳುವುದು ತಮ್ಮ ಘನತೆಗೆ ಒಗ್ಗಲಿಲ್ಲ.

ತಮ್ಮ ಕೈಪಿಡಿ ಏಳು ಸಂಪುಟ. ನನಗೆ ಬೇಕಾಗಿದ್ದದ್ದು ಐದನೆಯದು. ಅದು ಕಪಾಟಿನಲ್ಲಿರಲಿಲ್ಲ, ಹದಿನೈದು ವರ್ಷಗಳಿಂದ ತಮ್ಮದೇ ಮುರಿದ ನಾಲ್ಕನೇ ಪಾದದ ಜಾಗದಲ್ಲಿ ತಮ್ಮನ್ನು ಎತ್ತಿ ಹಿಡಿದುಕೊಂಡಿತ್ತು. ತಮ್ಮ ಜ್ಞಾನದ ಮೇಲೆ ತಾವೇ ಕುಳಿತಿದ್ದಿರಿ. ಯಾವುದರ ಮೇಲೆ ಯಾರು ಕುಳಿತರು ಎಂಬ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲವಾದ್ದರಿಂದ, ಆ ಜಾಗಕ್ಕೆ ಮರದ ತುಂಡೊಂದನ್ನು ಕೊಟ್ಟು ಸಂಪುಟವನ್ನು ಗೌರವದಿಂದ ಬಿಡಿಸಿಕೊಂಡೆ.

ಅದನ್ನು ಓದಿದ ಮೇಲೆ ತಮ್ಮ ಬಗ್ಗೆ ಇದ್ದ ಭಕ್ತಿ ಇಮ್ಮಡಿಸಿತು. ಹೆಸರಿನಿಂದ ವಿಳಾಸ ಹೇಳುವುದಕ್ಕೆ ಒಂದು ಕಡತ, ವಿಳಾಸದಿಂದ ಹೆಸರು ಹೇಳುವುದಕ್ಕೆ ಇನ್ನೊಂದು ಕಡತ. ಆ ಇನ್ನೊಂದರಲ್ಲಿ ವಿಳಾಸವನ್ನು ಹಿಂದುಮುಂದಾಗಿ ಬರೆಯಬೇಕು. ಏಕೆ ಎಂದು ಕೇಳಿದವನಿಗೆ ಆರನೇ ಸಂಪುಟ ನೋಡು ಎನ್ನುತ್ತದೆ ಐದನೆಯದು, ಆರನೆಯದು ಐದನ್ನು ನೋಡು ಎನ್ನುತ್ತದೆ. ಬರೆಯಲು ಕೊಟ್ಟ ಸಾಧನದಲ್ಲಿ ನಾನು ಅಕ್ಷರ ಒತ್ತಿದರೆ ಅಕ್ಷರ ಮೂಡುವ ಬದಲು ಸಾಲು ಮಾಯವಾಗುತ್ತಿತ್ತು, ಹೊರಗೆ ಬರೋಣವೆಂದರೆ ಬಾಗಿಲು ಎಲ್ಲಿದೆ ಎಂದು ತಿಳಿಯದೆ ಅರ್ಧ ದಿನ ಅಲ್ಲೇ ಬಂಧಿಯಾಗಿದ್ದೆ. ಇನ್ನು, ಕಡತ ಬದಲಾಗಿದೆ, ದಯವಿಟ್ಟು ಮತ್ತೊಮ್ಮೆ ಓದಿಕೊಳ್ಳಿ ಎಂದು ಸೇವೆಗೆ ವಿನಯದಿಂದ ತಿಳಿಸುವ ಆಜ್ಞೆಯ ಹೆಸರು 'ಕಿಲ್'. ಮಾತನಾಡಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಪದ ಇಟ್ಟುಕೊಂಡ ಮನೆತನದಲ್ಲಿ ಹುಟ್ಟಿ ತಾವು ಇಷ್ಟು ಸೌಮ್ಯವಾಗಿರುವುದೇ ಆಶ್ಚರ್ಯ.

ಮೊದಲ ಸಲ ಎಲ್ಲ ಬರೆದು ಮುಗಿಸಿ, ಗುಂಡಣ್ಣ ಎಲ್ಲಿದ್ದಾನೆ ಎಂದು ತಮ್ಮನ್ನು ಕೇಳಲು ಹೋದೆ. ಗುಂಡಣ್ಣನ ವಿಷಯ ಆಮೇಲೆ, ಮೊದಲು ನಾನು ಯಾರೆಂದು ನನಗೇ ತಿಳಿಯುತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟು ತಾವು ಪ್ರಶ್ನೆ ಕೇಳುವ ಕಿಟಕಿಯನ್ನೇ ಮುಚ್ಚಿದಿರಿ. ಹಿಂದುಮುಂದಾದ ಕಡತದಲ್ಲಿ ತಮ್ಮ ಸ್ವಂತ ಹೆಸರನ್ನು ಬರೆಯಲು ನಾನು ಮರೆತಿದ್ದೆ, ಅದಕ್ಕೆ ತಮಗೆ ಈ ವೈರಾಗ್ಯ ಬಂದಿತ್ತಂತೆ. ಬರೆದೆ. ಆಗ, ಇಪ್ಪತ್ತನೇ ತಾರೀಕು ಮಧ್ಯಾಹ್ನ ಮೂರೂ ಕಾಲಿಗೆ, ತಾವು ಗುಂಡಣ್ಣನ ವಿಳಾಸವನ್ನು ಸರಿಯಾಗಿ ಹೇಳಿದಿರಿ. ನಾನು ಆ ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ನನ್ನ ಮದುವೆ ನಿಶ್ಚಯವಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ, ಆ ನಿಶ್ಚಯ ಆಮೇಲೆ ಮುರಿದದ್ದು ಬೇರೆ ಮಾತು.

ತಾವು ವೃದ್ಧರು, ಯಾವ ಹೊತ್ತಿನಲ್ಲಿ ಏನಾಗುತ್ತದೋ ಎಂದು ಒಬ್ಬ ಸಹಾಯಕನನ್ನೂ ನೇಮಿಸಿದೆ. ತಮ್ಮ ಪಟ್ಟಿಯ ನಕಲನ್ನು ಇಟ್ಟುಕೊಂಡು, ಮುಂಭಾಗದ ಕೌಂಟರುಗಳು ಕೇಳಿದಾಗ ತಮ್ಮ ಪರವಾಗಿ ಉತ್ತರಿಸುವ ಕೆಲಸ ಚೀಟಿಯಪ್ಪನಿಗೆ ಬಂತು. ಅವನು ಗಂಟೆಗೊಮ್ಮೆ ತಮ್ಮ ಪಟ್ಟಿಯ ಮೇಲಿರುವ ಕ್ರಮಸಂಖ್ಯೆಯನ್ನು ನೋಡುತ್ತಾನೆ. ಅದು ತನ್ನಲ್ಲಿರುವುದಕ್ಕಿಂತ ದೊಡ್ಡದಾಗಿದ್ದರೆ ಹೊಸ ನಕಲು ಮಾಡಿಕೊಳ್ಳುತ್ತಾನೆ, ಇಲ್ಲದಿದ್ದರೆ ತನ್ನ ಹಳೆಯದೇ ಸರಿಯೆಂದು ಸುಮ್ಮನಿರುತ್ತಾನೆ. ಹಾಗಾಗಿ ಪಟ್ಟಿ ತಿದ್ದಿದಾಗಲೆಲ್ಲ ಆ ಸಂಖ್ಯೆಯನ್ನು ಏರಿಸಬೇಕು. ಅಂದಂದಿನ ತಾರೀಕನ್ನೇ ಸಂಖ್ಯೆಯಾಗಿ ಬರೆಯಿರಿ, ಅದು ತಾನಾಗಿಯೇ ಏರುತ್ತ ಹೋಗುತ್ತದೆ ಎಂದು ಸಂಪುಟ ಐದು ಸಲಹೆ ಕೊಟ್ಟಿತ್ತು. ಒಳ್ಳೆಯ ಸಲಹೆ. ಕಾರ್ಖಾನೆಯ ಆರ್ಡರ್ ಚೀಟಿಗಳ ಮೇಲೆ ಮೂವತ್ತು ವರ್ಷದಿಂದ ಹೇಗೆ ಬರೆಯುತ್ತಿದ್ದೆನೋ ಹಾಗೆಯೇ ಬರೆದೆ: ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ, ನಡುವೆ ಜಾಗ ಬಿಡದೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತಮೂರು, ಇಪ್ಪತ್ತೇಳು, ಮೂವತ್ತು. ಪ್ರತಿ ಸಲವೂ ಚೀಟಿಯಪ್ಪ ತಲೆಯಾಡಿಸಿ ನಕಲು ಮಾಡಿಕೊಂಡ. ಯಜಮಾನಿ ಕೂಡ ಒಮ್ಮೆ ಬಂದು ನೋಡಿ, ಪರ್ವಾಗಿಲ್ವೇ ಎಂದು ಹೋದರು. ನಾನು ನಡೆಯುವಾಗ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ತಿಂಗಳು ತುಂಬಿ ಒಂದನೇ ತಾರೀಕು ಬಂತು. ಆ ದಿನ ಎರಡು ಸಂಗತಿಗಳು ನಡೆದವು. ಅಕ್ಕನಿಗಾಗಿ ಹೊರಗಿನಿಂದ ತರಿಸಿದ್ದ ದಪ್ಪ ಗಾಜಿನ ಬಿಲ್ಲೆಗಳು ಬಂದವು. ಒಂದೇ ಜೊತೆ, ಇನ್ನೊಂದು ಜೊತೆ ಬೇಕೆಂದರೆ ಎರಡು ತಿಂಗಳು. ಮತ್ತು ಯಜಮಾನಿಯ ಅಪ್ಪಣೆಯಂತೆ ಗುಂಡಣ್ಣನನ್ನು ಗೋಡೆಯ ಆಚೆಯ ಕೋಣೆಗೆ ಸಾಗಿಸಿದೆವು, ಅಲ್ಲಿನ ಕೇಬಲಿಗೆ ತಕ್ಕಂತೆ ಅವನ ವಿಳಾಸ ಬದಲಾಯಿತು. ಖಾಲಿಯಾದ ಹಳೆಯ ವಿಳಾಸ ಸುಮ್ಮನೆ ಹಾಳಾಗುವುದೇಕೆ ಎಂದು ನಾನು ಅದನ್ನು ಲೇಬಲ್ ಪ್ರಿಂಟರಾದ ವಾಚಾಳಿಗೆ ಕೊಟ್ಟೆ. ಹಳೆಯ ಲಕೋಟೆಯನ್ನು ಒಳಹೊರಗು ಮಾಡಿ ಮತ್ತೆ ಬಳಸುವ ಜಾತಿಯವನು ನಾನು. ಪಟ್ಟಿ ತಿದ್ದಿದೆ, ತಾರೀಕು ಬರೆದೆ, ಗುಂಡಣ್ಣನೆಲ್ಲಿ ಎಂದು ತಮ್ಮನ್ನು ಕೇಳಿದೆ, ತಾವು ಹೊಸ ವಿಳಾಸವನ್ನು ಚಾಚೂ ತಪ್ಪದೆ ಹೇಳಿದಿರಿ. ಎರಡನೇ ತಾರೀಕು ಬೆಳಿಗ್ಗೆ ಬಿಲ್ಲೆಗಳನ್ನು ಗುಂಡಣ್ಣನ ಬಾಯಿಗೆ ಕೂರಿಸಿ, ಮುಂದೆ ಹೋಗಿ ಎರಡನೆಯ ಕೌಂಟರಿನಿಂದ ಅಕ್ಕನ ಆರ್ಡರನ್ನು ನನ್ನ ಕೈಯಾರೆ ಕಳಿಸಿದೆ.

ಗುಂಡಣ್ಣ ಅಲುಗಾಡಲಿಲ್ಲ. ಅವನು ನಿಧಾನಸ್ಥ, ಯೋಚಿಸುತ್ತಿರಬೇಕು ಎಂದುಕೊಂಡು ನಾನು ಚಹಾ ಕುಡಿಯಲು ಹೋದೆ. ಅತ್ತ ಕೌಂಟರಿನ ಕಂಪ್ಯೂಟರು ಕೆಲಸ ಮುಗಿಯಿತೆಂಬ ಉತ್ತರ ಬರಲಿಲ್ಲವೆಂದು ಎರಡೆರಡು ನಿಮಿಷಕ್ಕೊಮ್ಮೆ ಅದೇ ಆರ್ಡರನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಎಲ್ಲಿಗೆ? ಚೀಟಿಯಪ್ಪನನ್ನು ಕೇಳಿ ಪಡೆದ ವಿಳಾಸಕ್ಕೆ. ಚೀಟಿಯಪ್ಪ ಕೊಟ್ಟದ್ದು ಗುಂಡಣ್ಣನ ಹಳೆಯ ವಿಳಾಸ. ಅಲ್ಲೀಗ ಕುಳಿತಿದ್ದವನು ವಾಚಾಳಿ, ಬಂದದ್ದನ್ನೆಲ್ಲ ಮುದ್ರಿಸುವುದೇ ಅವನ ಜೀವನಧ್ಯೇಯ. ಊಟದ ಹೊತ್ತಿಗೆ ಅಕ್ಕನ ಕಣ್ಣಿನ ಪವರ್ ತೊಂಬತ್ತು ಲೇಬಲ್ಲುಗಳ ಮೇಲೆ ಅಂದವಾಗಿ ಮುದ್ರಣಗೊಂಡಿತ್ತು, ಮತ್ತು ಪ್ಯಾಕಿಂಗ್ ವಿಭಾಗದ ಅತ್ತಿಗೆ, ಎಲ್ಲರೂ ಆಕೆಯನ್ನು ಅತ್ತಿಗೆ ಎಂದೇ ಕರೆಯುವುದು, ಅವನ್ನು ಒಂದೂ ಬಿಡದೆ ತೊಂಬತ್ತು ಡಬ್ಬಿಗಳಿಗೆ ನೇರವಾಗಿ, ಮೂಲೆ ಏಳದಂತೆ ಅಂಟಿಸಿದ್ದಳು. ನೋಡ್ಬಾರ್ದಾ ಅತ್ತಿಗೆ ಎಂದು ನಾನು ತಲೆಯ ಮೇಲೆ ಕೈ ಹೊತ್ತು ಕೇಳಿದರೆ, ಲೇಬಲ್ ಓದೋಕೆ ಹೋಗ್ಬೇಡ, ಬಂದಿದ್ದನ್ನ ಅಂಟಿಸು ಅಂತ ಹೇಳಿದ್ದು ನೀವೇ ಅಲ್ವಾ ಎಂದಳು. ಹೇಳಿದ್ದು ನಾನೇ.

ಆ ಡಬ್ಬಿಗಳಲ್ಲಿ ಆರು ಆಗಲೇ ಗಿರಾಕಿಗಳ ಕೈ ಸೇರಿದ್ದವು. ಪೇಪರ್ ಓದಲು ಒಂದು ಸಾಧಾರಣ ಕನ್ನಡಕ ಮಾಡಿಸಿದ್ದ ಬಸ್ ಡ್ರೈವರ್ ಒಬ್ಬ ಡಬ್ಬಿಯ ಮೇಲಿನ ಮೈನಸ್ ಹದಿನೇಳೂವರೆಯನ್ನು ನೋಡಿ ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದು ಕುಳಿತನಂತೆ, ನನ್ನ ಕೆಲಸ ಹೋಯ್ತಲ್ರೀ ಎಂದನಂತೆ. ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಿದ ಯಜಮಾನಿ ನೇರವಾಗಿ ತಮ್ಮ ಕೋಣೆಗೆ ಬಂದರು. ನಾನು ತಮ್ಮನ್ನು ಅವರೆದುರಿಗೇ ಪರೀಕ್ಷಿಸಿದೆ. ತಾವು ಸರಿಯಾದ ವಿಳಾಸವನ್ನೇ ಹೇಳಿದಿರಿ. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆಯೂ ಸರಿಯಾಗಿಯೇ ಹೇಳಿದಿರಿ. ಹಿಂದಿನ ಕೋಣೆಯಲ್ಲಿ ಒಂದು ಸತ್ಯ, ಮುಂದಿನ ಕೋಣೆಯಲ್ಲಿ ಇನ್ನೊಂದು ಸತ್ಯ. ನಾನು ಆಣೆ ಹಾಕಿ ಮಾತಾಡುತ್ತಿದ್ದೆ, ಅವರು ಫೋನ್ ತೆಗೆದು ಗುಜರಿಯವನ ನಂಬರ್ ಹುಡುಕುತ್ತಿದ್ದರು. ಐದರ ತನಕ ಅಂದಿದ್ದೆ, ಐದರ ತನಕ ಕಾಯ್ತೀನಿ, ಐದಕ್ಕೆ ಗಾಡಿ ಬರುತ್ತೆ ಎಂದರು. ಆ ಎರಡು ದಿನ ನಾನು ತಮ್ಮ ಮುಂದೆ ಕುಳಿತು ಬಿಟ್ಟ ನಿಟ್ಟುಸಿರು ತಮ್ಮ ಪಂಖದ ಗಾಳಿಗಿಂತ ಹೆಚ್ಚಿತ್ತು. ಹೇಳಿಬಿಡುತ್ತೇನೆ, ನನಗೆ ನಿಜವಾಗಿ ಭಯವಾಗಿತ್ತು. ಅಕ್ಕ ಮನೆಯಲ್ಲಿ ಹನ್ನೊಂದು ಗಡಿಯಾರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ನಾಲ್ಕನೇ ತಾರೀಕು ಬೆಳಿಗ್ಗೆ ಅವಳೇ ಹೊರಟು ನಿಂತಳು. ನನ್ನ ಕಣ್ಣು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ತೋರ್ಸು ಎಂದಳು. ಕೈ ಹಿಡಿದು ಕರೆತಂದೆ. ತಮ್ಮ ಎದುರಿನ ಸ್ಟೂಲಿನ ಮೇಲೆ, ಮುರಿದ ಕನ್ನಡಕವಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಸಿಗುವವರೆಗೆ ಏಳುವುದಿಲ್ಲ ಎಂದು ಕುಳಿತಳು. ಚೀಲ ನಾನು ಹಿಡ್ಕೋತೀನಿ ಕೊಡಕ್ಕ ಎಂದೆ. ಕೊಡಲಿಲ್ಲ. ಏನು ಬರೆದಿದ್ದೀಯ ಓದು ಎಂದಳು. ಅವಳಿಗೆ ತಮ್ಮ ಪರದೆಯ ಮೇಲಿನ ಅಕ್ಷರ ಕಾಣುವುದಿಲ್ಲವಾದ್ದರಿಂದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಎಲ್ಲ ಕಾಲಾವಧಿಗಳನ್ನೂ ಸೆಕೆಂಡುಗಳಲ್ಲೇ ಬರೆಯಬೇಕು ಎಂಬ ತಮ್ಮ ನಿಯಮ ಅವಳಿಗೆ ಬಹಳ ಹಿಡಿಸಿತು. ಆಮೇಲೆ ಕ್ರಮಸಂಖ್ಯೆಗೆ ಬಂದೆ. ಚೀಟಿಯಪ್ಪನ ಸ್ವಭಾವವನ್ನು ವಿವರಿಸಿದೆ, ಮೂವತ್ತನೇ ತಾರೀಕಿನ ಸಂಖ್ಯೆಯನ್ನು ಓದಿದೆ, ಸೊನ್ನೆ ಒಂದು ಎಂದು ಶುರುವಾಗುವ ಒಂದನೇ ತಾರೀಕಿನದನ್ನೂ ಓದಿದೆ.

ಅವಳು, ಮೂವತ್ತು ಆದ್ಮೇಲೆ ಒಂದು ಅಂತ ತೋರಿಸಿದ್ರೆ ಅವನು ಯಾಕೋ ನಂಬ್ತಾನೆ ಎಂದಳು.

ನೋಡುವ ಕಣ್ಣಿದ್ದ ನನಗೆ ಅದು ತಾರೀಕಾಗಿ ಕಂಡಿತ್ತು, ಕೇಳುವ ಕಿವಿ ಮಾತ್ರ ಇದ್ದ ಅವಳಿಗೆ ಬರೀ ಸಂಖ್ಯೆಯಾಗಿ ಕೇಳಿಸಿತು. ತಿಂಗಳಿಡೀ ದಿನ ಏರುತ್ತಿದ್ದಷ್ಟು ಕಾಲ ಎಲ್ಲ ಸರಿಯಿತ್ತು. ತಿಂಗಳು ಮಗುಚಿದ ಕೂಡಲೇ ನಾನು ಚೀಟಿಯಪ್ಪನ ಮುಂದೆ ಸಣ್ಣ ನಂಬರಿನ ಚೀಟಿ ಹಿಡಿದು ನಿಂತಿದ್ದೆ. ನಾಚಿಕೆಯನ್ನು ನುಂಗಿಕೊಂಡು ವರ್ಷವನ್ನು ಮುಂದಕ್ಕೆ ತಂದೆ: ವರ್ಷ, ತಿಂಗಳು, ದಿನ. ಆಗಲೂ ಚೀಟಿಯಪ್ಪ ಜಪ್ಪಯ್ಯ ಅನ್ನಲಿಲ್ಲ. ಅಕ್ಕ ಹಣೆ ಚಚ್ಚಿಕೊಂಡು, ವರ್ಷ ಇಪ್ಪತ್ತರಿಂದ ಶುರು ಆಗುತ್ತೆ, ಅವನ ಹತ್ರ ಮೂವತ್ತಿದೆ, ಇನ್ನೂ ಚಿಕ್ಕದೇ ಅಲ್ವಾ, ಕೊನೇಲಿ ಎರಡು ಅಂಕಿ ಜಾಸ್ತಿ ಹಾಕು ಎಂದಳು. ಆ ದಿನದ ಎಷ್ಟನೆಯ ತಿದ್ದುಪಡಿ ಎಂಬ ಎರಡು ಅಂಕಿಗಳನ್ನು ಕೊನೆಗೆ ಸೇರಿಸಿದೆ, ಎಂಟು ಅಂಕಿಯ ಸಂಖ್ಯೆ ಹತ್ತು ಅಂಕಿಯದಾಯಿತು, ವಿನಯದಿಂದ 'ಕಿಲ್' ಎಂದೆ. ತಾವು ಏನೂ ಅನ್ನಲಿಲ್ಲ. ಚೀಟಿಯಪ್ಪನೂ ಏನೂ ಅನ್ನಲಿಲ್ಲ. ಅವನು ನೋಡುವ ಗಂಟೆ ಕಳೆದ ಮೇಲೆ ಹೋಗಿ ನೋಡಿದರೆ ಅವನ ಬಳಿ ಹೊಸ ನಕಲು ಇತ್ತು. ಕೌಂಟರಿನಿಂದ ಆರ್ಡರ್ ಕಳಿಸಿದೆ. ಗೋಡೆಯ ಆಚೆಗೆ ಗುಂಡಣ್ಣ ಕೆಮ್ಮಿ, ತಿರುಗಿ, ಅರೆಯತೊಡಗಿದ. ಆ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದು ಅರೆದ ಗಾಜಿನ ಪುಡಿಯಿಂದ ಎಂದು ಅತ್ತಿಗೆಗೆ ಹೇಳಿದ್ದೇನೆ.

ಐದನೇ ತಾರೀಕು ಯಜಮಾನಿ ಮೂರು ಕೌಂಟರುಗಳಿಂದಲೂ ಆರ್ಡರ್ ಕಳಿಸಿ ನೋಡಿದರು, ಗಾಡಿಯವನಿಗೆ ಬೇಡವೆಂದು ಫೋನ್ ಮಾಡಿದರು. ಬಂದೇಬಿಟ್ಟಿದ್ದ ಅವನು ಬರಿಗೈಯಲ್ಲಿ ಹೋಗಬಾರದೆಂದು ತಮ್ಮ ಕೈಪಿಡಿಯ ಆರನೇ ಸಂಪುಟವನ್ನು ಕೊಟ್ಟಿದ್ದೇವೆ. ಅದರಲ್ಲಿ ಐದನ್ನು ನೋಡು ಎಂಬುದರ ಹೊರತು ಬೇರೇನೂ ಇರಲಿಲ್ಲ.

ಹೀಗಿರುವಾಗ, ತಮ್ಮ ಅಪಾರ ಅನುಭವವನ್ನು ನೆಚ್ಚಿ ಕೆಲವು ಸಣ್ಣ ಕೋರಿಕೆಗಳನ್ನು ಮುಂದಿಡುತ್ತಿದ್ದೇನೆ. ಇನ್ನು ಮುಂದೆ ಮೂವತ್ತರ ನಂತರ ಒಂದು ಬಂದರೆ, ಇವನಿಗೇನೋ ಆಗಿದೆ ಎಂದು ತಾವು ಒಮ್ಮೆ ಕೆಮ್ಮಬೇಕು. ಕೆಲಸ ಆದಾಗ 'ಆಯಿತು' ಎಂದು ಒಂದೇ ಒಂದು ಪದ, ವರ್ಷಕ್ಕೊಮ್ಮೆಯಾದರೂ ಸಾಕು, ಹೇಳಬೇಕು. ಆ ಬಸ್ ಡ್ರೈವರನ ಆಯುಷ್ಯದಿಂದ ಕಳೆದುಹೋದ ಹತ್ತು ನಿಮಿಷವನ್ನು ಅವನಿಗೆ ಹಿಂತಿರುಗಿಸಬೇಕು. ಕೊನೆಯದಾಗಿ, ತಮ್ಮ ಕಡತಗಳಲ್ಲಿ ಹಿಂದಿನ ಸ್ಥಿತಿಗೆ ಮರಳುವ ಉಪಾಯ ಯಾವುದಾದರೂ ಇದ್ದರೆ, ಹದಿನಾರನೇ ತಾರೀಕಿನ ಭಾನುವಾರ ನಾನು ಕೂರುವುದಕ್ಕೆ ಒಂದು ಸೆಕೆಂಡ್ ಮುಂಚಿನ ಸ್ಥಿತಿಗೆ ನಮ್ಮ ಸೋಫಾವನ್ನು ಮರಳಿಸಿಕೊಡಬೇಕು.

ಈ ಕಡೆಯ ಕೋರಿಕೆಯ ಕಾರಣವನ್ನೂ ಹೇಳಿಬಿಡುತ್ತೇನೆ. ನಿನ್ನೆ ಮಧ್ಯಾಹ್ನ ಅಕ್ಕನ ಕನ್ನಡಕ ಸಿದ್ಧವಾಯಿತು. ಅದೇ ಸ್ಟೂಲಿನ ಮೇಲೆ ಕುಳಿತು ಹಾಕಿಕೊಂಡಳು. ಮೊದಲು ಗೋಡೆಯನ್ನು ನೋಡಿದಳು, ತಮ್ಮನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಬಡವಾಗಿದ್ದೀಯಲ್ಲೋ ಎಂದಳು. ಆಮೇಲೆ ಚೀಲ ತೆರೆದು ಕರವಸ್ತ್ರ ಬಿಚ್ಚಿ ಮುರಿದ ಕನ್ನಡಕವನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಎರಡು ಕಡ್ಡಿಗಳೂ ಹೊರಮುಖವಾಗಿ ಚಪ್ಪಟೆಯಾಗಿ ಮಲಗಿದ್ದವು, ನಡುವಿನ ಸೇತುವೆ ಕೆಳಕ್ಕೆ ಬಾಗಿತ್ತು, ಮತ್ತು ತಿರುಪಿನ ಸಂದಿಯಲ್ಲಿ, ಮಾನ್ಯರೇ, ನನ್ನ ನೀಲಿ ಪ್ಯಾಂಟಿನ ಒಂದು ನೂಲು ಸಿಕ್ಕಿಕೊಂಡಿತ್ತು. ಅವಳು ಆ ನೂಲನ್ನು ಚಿಮಟದಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಮನೆಗೆ ಹೋದ ಮೇಲೆ ಪರದೆಯ ಕಟ್ಟು ಬಿಚ್ಚಿದಳು. ನಿನ್ನೆಯಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿಲ್ಲ. ಏನೂ ಅನ್ನದಿದ್ದರೆ ಎಲ್ಲ ಸರಿಯಿದೆ ಎಂದು ತಮ್ಮ ಕುಲದಲ್ಲಿ ಅರ್ಥ. ನಮ್ಮ ಕುಲದಲ್ಲಿ ಹಾಗಲ್ಲ.

ಇಂತು, ತಮ್ಮ ಮುಂದೆಯೂ ಅಕ್ಕನ ಮುಂದೆಯೂ ಉತ್ತರಕ್ಕಾಗಿ ಕಾದು ಕುಳಿತಿರುವ,

ತಮ್ಮ ವಿಶ್ವಾಸಿ,
ಕಂಪ್ಯೂಟರ್ ನೋಡಿಕೊಳ್ಳುವವನು

ಮರೆತ ಮಾತು: ಕನ್ನಡಕ ಹಾಕಿಕೊಂಡು ತಮ್ಮನ್ನು ನೋಡಿದಾಗ ಅಕ್ಕ, ಚೀಲ ತೆರೆಯುವ ಮುಂಚೆಯೇ, ಇನ್ನೊಂದನ್ನೂ ಗಮನಿಸಿ ಹೇಳಿದ್ದಳು. ತಮ್ಮೊಳಗಿನ ಗಡಿಯಾರ ಹನ್ನೊಂದು ನಿಮಿಷ ಹಿಂದಿದೆಯಂತೆ. ಈ ಬೆಳಿಗ್ಗೆ ಅವಳು ಏನೂ ಮಾತಾಡದೆ ತನ್ನ ಸ್ಕ್ರೂಡ್ರೈವರುಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನನ್ನ ಹಿಂದೆಯೇ ಕಾರ್ಖಾನೆಗೆ ಬಂದಿದ್ದಾಳೆ, ಈಗ ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. ಇಷ್ಟು ದಿನ ಬಾಯಿ ಬಿಡದ ತಾವು ಇವತ್ತು ಏನಾದರೂ ಅನ್ನಬೇಕೆಂದಿದ್ದರೆ ಬೇಗ ಅಂದುಬಿಡುವುದು ಒಳ್ಳೆಯದು.